ತಪ್ಪು ಪೇಪರ್ ವಾಪಸ್ ಪಡೆಯಲು 15 ವರ್ಷ ಯಾಕೆ ಬೇಕಾಯಿತು?

2025ರ ಜುಲೈ 24ರಂದು ಅಮೆರಿಕದ ‘ಸೈನ್ಸ್’ ಜರ್ನಲ್ ಒಂದು ಸಂಶೋಧನಾ ಪೇಪರನ್ನು ವಾಪಸ್ ಪಡೆಯಿತು. ಅದು ಪ್ರಕಟವಾಗಿದ್ದು 2010ರ ಡಿಸೆಂಬರಿನಲ್ಲಿ. ಹೆಚ್ಚುಕಡಿಮೆ ಹದಿನೈದು ವರ್ಷದ ಹಿಂದೆ. ವಾಪಸ್ ಪಡೆಯುವಾಗ ಜರ್ನಲ್ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿತು. ಇದನ್ನು ಬರೆದವರು ಮೋಸ ಮಾಡಿದ್ದಾರೆ ಎಂಬ ಆರೋಪ ನಮ್ಮದಲ್ಲ ಎಂದಿತು. ಪೇಪರಿನ ಲೇಖಕರು ಮಾತ್ರ ಈ ತೀರ್ಮಾನವನ್ನು ಒಪ್ಪಲೇ ಇಲ್ಲ.

ಸುದ್ದಿ ಓದಿದವರಿಗೆ ಗೊಂದಲವಾಗಿದ್ದು ಸಹಜ. ಮೋಸ ಇಲ್ಲ ಅಂದ ಮೇಲೆ ವಾಪಸ್ ಯಾಕೆ? ತಪ್ಪು ಅಂತ ಮೊದಲೇ ಗೊತ್ತಿದ್ದರೆ ಇಷ್ಟು ವರ್ಷ ಸುಮ್ಮನಿದ್ದದ್ದು ಯಾಕೆ? ಬರೆದವರು ಬೇಡ ಅಂದರೂ ಜರ್ನಲ್ ಹೀಗೆ ಮಾಡಬಹುದಾ? ಈ ಮೂರಕ್ಕೂ ಉತ್ತರ ಸಿಗಬೇಕಾದರೆ ಇನ್ನೊಂದು ಪ್ರಶ್ನೆಯಿಂದ ಶುರುಮಾಡಬೇಕು. ಒಂದು ಪೇಪರ್ ಪ್ರಕಟವಾದ ಮೇಲೆ ಅದರ ಹೊಣೆ ಯಾರದ್ದು?

ಮೋನೋ ಸರೋವರದ ಬ್ಯಾಕ್ಟೀರಿಯಾ

ಮೊದಲು ಆ ಪೇಪರಿನ ಕಥೆ. ಕ್ಯಾಲಿಫೋರ್ನಿಯಾದ ಮೋನೋ ಸರೋವರದ ನೀರಿನಲ್ಲಿ ಆರ್ಸೆನಿಕ್ ಜಾಸ್ತಿ. ಅಲ್ಲಿ ಸಿಕ್ಕ ಜಿಎಫ್‌ಎಜೆ-1 ಎಂಬ ಬ್ಯಾಕ್ಟೀರಿಯಾವನ್ನು ಫೆಲಿಸಾ ವುಲ್ಫ್-ಸೈಮನ್ ಮತ್ತು ಜೊತೆಗಾರರು ಪ್ರಯೋಗಾಲಯದಲ್ಲಿ ಬೆಳೆಸಿದರು. ನಮಗೆ ಗೊತ್ತಿರುವ ಎಲ್ಲ ಜೀವಿಗಳ ಡಿಎನ್‌ಎಯಲ್ಲೂ ರಂಜಕ, ಅಂದರೆ ಫಾಸ್ಫರಸ್ ಇರುತ್ತದೆ. ಈ ಬ್ಯಾಕ್ಟೀರಿಯಾ ಮಾತ್ರ ರಂಜಕ ಸಿಗದಿದ್ದಾಗ ಅದರ ಜಾಗದಲ್ಲಿ ಆರ್ಸೆನಿಕ್ ಬಳಸುತ್ತದೆ ಎಂದು ಅವರು ಬರೆದರು. ಆವರ್ತಕ ಕೋಷ್ಟಕದಲ್ಲಿ ಆರ್ಸೆನಿಕ್ ಇರುವುದು ರಂಜಕದ ಕೆಳಗಿನ ಮನೆಯಲ್ಲೇ. ಎರಡರ ಗುಣಗಳಲ್ಲೂ ಹೋಲಿಕೆ ಇದೆ. ಆದರೂ ಜೀವಕೋಶ ಒಂದರ ಬದಲು ಇನ್ನೊಂದನ್ನು ಬಳಸಿ ಬದುಕುತ್ತದೆ ಅನ್ನುವುದು ಸಣ್ಣ ಮಾತಲ್ಲ. ಭೂಮಿಯ ಆಚೆ ಜೀವ ಹುಡುಕುವವರಿಗಂತೂ ಇದು ಭಾರಿ ಸುದ್ದಿ. ನಾಸಾ ಪತ್ರಿಕಾಗೋಷ್ಠಿ ಕರೆದು ಪ್ರಕಟಿಸಿತು.

ಟೀಕೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ರೋಸಿ ರೆಡ್‌ಫೀಲ್ಡ್ ಸೇರಿದಂತೆ ಹಲವರು ಪ್ರಯೋಗದ ದೋಷಗಳನ್ನು ಬಹಿರಂಗವಾಗಿ ಎತ್ತಿ ತೋರಿಸಿದರು. ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣದಲ್ಲೇ ಸ್ವಲ್ಪ ರಂಜಕ ಬೆರೆತಿತ್ತು. ಡಿಎನ್‌ಎಯನ್ನು ಸಾಕಷ್ಟು ಶುದ್ಧ ಮಾಡಿರಲಿಲ್ಲ. 2011ರ ಜೂನ್‌ನಲ್ಲಿ ಪೇಪರ್ ಅಚ್ಚಿನ ಸಂಚಿಕೆಯಲ್ಲಿ ಬಂದಾಗ ಅದರ ಜೊತೆಗೇ ಎಂಟು ಟೀಕಾ ಟಿಪ್ಪಣಿಗಳನ್ನೂ ಸೈನ್ಸ್ ಪ್ರಕಟಿಸಿತು. 2012ರಲ್ಲಿ ರೆಡ್‌ಫೀಲ್ಡ್ ಇದ್ದ ತಂಡ ಮತ್ತು ಸ್ವಿಟ್ಜರ್ಲೆಂಡಿನ ಇನ್ನೊಂದು ತಂಡ ಬೇರೆಬೇರೆಯಾಗಿ ಪರೀಕ್ಷೆ ಮಾಡಿದವು. ಆ ಬ್ಯಾಕ್ಟೀರಿಯಾಕ್ಕೆ ಬದುಕಲು ರಂಜಕ ಬೇಕೇ ಬೇಕು ಎಂದು ಗೊತ್ತಾಯಿತು. ಡಿಎನ್‌ಎಯನ್ನು ಚೆನ್ನಾಗಿ ತೊಳೆದ ಮೇಲೆ ಅದರಲ್ಲಿ ಆರ್ಸೆನಿಕ್ ಸಿಗಲಿಲ್ಲ. ಆ ಕ್ಷೇತ್ರದ ಹೆಚ್ಚಿನವರ ಪಾಲಿಗೆ ವಿಷಯ ಅಲ್ಲಿಗೇ ಮುಗಿದಿತ್ತು.

ಪೇಪರ್ ಮಾತ್ರ ಇದ್ದಲ್ಲೇ ಇತ್ತು. ಮೋಸ ಅಥವಾ ದುರ್ನಡತೆ ಸಾಬೀತಾದರೆ ಮಾತ್ರ ವಾಪಸ್ ಪಡೆಯಬೇಕು ಎನ್ನುವುದು ಆಗಿನ ರೂಢಿ. ಈಗ ಸಂಪಾದಕ ಹೋಲ್ಡನ್ ಥಾರ್ಪ್ ಅವರ ಕಾಲದಲ್ಲಿ ಸೈನ್ಸ್ ಬೇರೆ ಅಳತೆಗೋಲು ಹಿಡಿದಿದೆ. ಪೇಪರಿನಲ್ಲಿರುವ ಪ್ರಯೋಗ ಅದರ ಮುಖ್ಯ ತೀರ್ಮಾನವನ್ನು ಹೊರುವಷ್ಟು ಗಟ್ಟಿಯಾಗಿಲ್ಲದಿದ್ದರೆ, ಮೋಸ ನಡೆಯದಿದ್ದರೂ ವಾಪಸ್ ಪಡೆಯುವುದು ಸರಿ ಎನ್ನುತ್ತಿದೆ.

ವಾಪಸ್ ಅಂದರೆ ಅಳಿಸಿಹಾಕುವುದಲ್ಲ

ಪ್ರಕಟವಾದ ಪೇಪರಿನಲ್ಲಿ ತಪ್ಪು ಕಂಡಾಗ ಜರ್ನಲ್ ಮುಂದೆ ಮೂರು ದಾರಿ ಇರುತ್ತವೆ. ತಪ್ಪು ಸಣ್ಣದಾದರೆ ತಿದ್ದುಪಡಿ. ತನಿಖೆ ಇನ್ನೂ ನಡೆಯುತ್ತಿದ್ದರೆ, ಓದುಗರು ಎಚ್ಚರವಾಗಿರಲಿ ಎಂದು ಕಳವಳದ ಸೂಚನೆ. ಪೇಪರಿನ ಫಲಿತಾಂಶವನ್ನೇ ನಂಬಲಾಗದಿದ್ದರೆ ವಾಪಸ್. ಆಗಲೂ ಪೇಪರ್ ಅಲ್ಲೇ ಇರುತ್ತದೆ. ಅದರ ಮೇಲೆ ‘ವಾಪಸ್ ಪಡೆದಿದೆ’ ಎಂಬ ಮುದ್ರೆ ಬೀಳುತ್ತದೆ, ಕಾರಣ ಹೇಳುವ ಒಂದು ಪ್ರಕಟಣೆ ಜೊತೆಗಿರುತ್ತದೆ.

ಇದಕ್ಕೆಲ್ಲ ದಾರಿ ತೋರಿಸುವ ಸಂಸ್ಥೆ ಒಂದಿದೆ. ಅದು ಪ್ರಕಟಣಾ ನೀತಿ ಸಮಿತಿ, ಚಿಕ್ಕದಾಗಿ ‘ಕೋಪ್’. 1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಜರ್ನಲ್ ಸಂಪಾದಕರು ಸೇರಿ ಇದನ್ನು ಕಟ್ಟಿದರು. ಕೋಪ್‌ಗೆ ಕಾನೂನಿನ ಬಲವಿಲ್ಲ. ಸದಸ್ಯ ಜರ್ನಲ್‌ಗಳಿಗೆ ಅದು ಹೇಳಬಹುದು, ಒತ್ತಾಯಿಸಬಹುದು, ಅಷ್ಟೇ. ಆದರೆ ಅದರ ಮಾರ್ಗಸೂಚಿಯಲ್ಲಿರುವ ಒಂದು ವಿಷಯ ಇಡೀ ಚರ್ಚೆಗೆ ಕೀಲಿಕೈ. ಪೇಪರ್ ವಾಪಸ್ ಪಡೆಯುವುದರ ಮುಖ್ಯ ಉದ್ದೇಶ ದಾಖಲೆಯನ್ನು ಸರಿಪಡಿಸುವುದು, ಲೇಖಕರನ್ನು ಶಿಕ್ಷಿಸುವುದಲ್ಲ ಎಂದು ಅದು ಹೇಳುತ್ತದೆ. ಪ್ರಾಮಾಣಿಕವಾಗಿ ಆದ ದೊಡ್ಡ ತಪ್ಪಿಗೂ ವಾಪಸ್ ಪಡೆಯಲು ಅದರಲ್ಲಿ ಅವಕಾಶವಿದೆ.

ಅಂದರೆ ಬರಹದಲ್ಲಿರುವ ನಿಯಮದ ಪ್ರಕಾರ ಸೈನ್ಸ್ ಮಾಡಿದ್ದು ಹೊಸತೇನಲ್ಲ. ತೊಡಕು ಇರುವುದು ಜನರ ಮನಸ್ಸಿನಲ್ಲಿ ಆ ಮಾತಿಗೆ ಅಂಟಿರುವ ಅರ್ಥದಲ್ಲಿ.

ಎರಡೂ ಕಡೆಯ ವಾದ

ವಾಪಸ್ ಪಡೆದದ್ದನ್ನು ವಿರೋಧಿಸುವವರು ಹೀಗೆ ಕೇಳುತ್ತಾರೆ. ವಿಜ್ಞಾನ ಬೆಳೆದಿರುವುದೇ ತಪ್ಪುಗಳ ಮೇಲೆ ಅಲ್ವಾ? ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಪರೀಕ್ಷಿಸಿ ಅಲ್ಲ ಅನ್ನುತ್ತಾರೆ. ಎರಡೂ ಪೇಪರ್‌ಗಳು ದಾಖಲೆಯಲ್ಲಿ ಇರಲಿ, ಓದುವವರು ತೂಗಿ ನೋಡಲಿ. 2012ರಲ್ಲಿ ಆದದ್ದು ಅದೇ. ಆಮೇಲೆ ಮುದ್ರೆ ಹಾಕುವ ಅಗತ್ಯವೇನಿತ್ತು? ಇಂಥ ಮುದ್ರೆ ಬಿದ್ದರೆ ನೋಡಿದವರು ಮೊದಲು ಯೋಚಿಸುವುದು ಮೋಸ ಎಂದೇ. ಒಬ್ಬ ಸಂಶೋಧಕಿಯ ಇಡೀ ಬದುಕಿನ ಕೆಲಸದ ಮೇಲೆ ಕಲೆ ಉಳಿಯುತ್ತದೆ.

ಹಾಗೆ ಯೋಚಿಸಲು ಕಾರಣವೂ ಇದೆ. 2012ರಲ್ಲಿ ಫೆರಿಕ್ ಫಾಂಗ್ ಮತ್ತು ಇಬ್ಬರು ಜೊತೆಗಾರರು, ಜೀವವೈದ್ಯಕೀಯ ಕ್ಷೇತ್ರದಲ್ಲಿ ವಾಪಸಾದ 2,047 ಪೇಪರ್‌ಗಳ ಕಾರಣ ಹುಡುಕಿದರು. ಶೇ 67.4ರಷ್ಟು ವಾಪಸಾಗಿದ್ದು ದುರ್ನಡತೆಯಿಂದ. ಪ್ರಾಮಾಣಿಕ ತಪ್ಪಿನಿಂದ ವಾಪಸಾದವು ಶೇ 21.3 ಮಾತ್ರ. ಹಾಗಾಗಿ ಆ ಮಾತು ಕೇಳಿದ ಕೂಡಲೇ ಅನುಮಾನ ಬರುವುದು ತೀರಾ ಅನ್ಯಾಯವೇನಲ್ಲ. ಅದರಿಂದ ಪೆಟ್ಟು ಬೀಳುವುದು ಮಾತ್ರ ಪ್ರಾಮಾಣಿಕವಾಗಿ ಎಡವಿದವರಿಗೆ.

ಇನ್ನೊಂದು ಕಡೆಯವರ ವಾದ ಓದುಗರಿಂದ ಶುರುವಾಗುತ್ತದೆ. ಪೇಪರ್ ಓದುವವರೆಲ್ಲ ಆ ವಿಷಯದ ತಜ್ಞರಲ್ಲ. ವಿದ್ಯಾರ್ಥಿ ಓದುತ್ತಾರೆ, ಪಕ್ಕದ ಕ್ಷೇತ್ರದವರು ಓದುತ್ತಾರೆ, ವೈದ್ಯರು ಓದುತ್ತಾರೆ, ಪತ್ರಕರ್ತರು ಓದುತ್ತಾರೆ. ಒಂದು ಪೇಪರನ್ನು ಎರಡು ವರ್ಷದ ನಂತರ ಬೇರೆ ಇಬ್ಬರು ಅಲ್ಲಗಳೆದಿದ್ದಾರೆ ಎಂದು ಇವರಿಗೆಲ್ಲ ಹೇಗೆ ಗೊತ್ತಾಗಬೇಕು? ಎಚ್ಚರಿಕೆ ಇರಬೇಕಾದದ್ದು ಆ ಪೇಪರಿನ ಮೇಲೆಯೇ.

ಈ ಎರಡನೇ ವಾದ ಹೆಚ್ಚು ಗಟ್ಟಿಯಾಗಿದೆ. ಆದರೆ ಅದಕ್ಕೊಂದು ಗೆರೆ ಬೇಕು. ಆ ಕಾಲದ ಉಪಕರಣಗಳಿಂದ ಸರಿಯಾಗಿಯೇ ಪ್ರಯೋಗ ಮಾಡಿ, ಮುಂದೆ ಬಂದ ಹೊಸ ತಿಳಿವಳಿಕೆಯಿಂದ ಹಳತಾದ ಪೇಪರ್ ಬೇರೆ. ಪ್ರಯೋಗದಲ್ಲೇ ಕಲಬೆರಕೆ ಇದ್ದು ತೀರ್ಮಾನ ನಿಲ್ಲದೇ ಹೋದ ಪೇಪರ್ ಬೇರೆ. ಮೊದಲನೆಯದು ಇತಿಹಾಸ, ಅದನ್ನು ಮುಟ್ಟಬಾರದು. ಎರಡನೆಯದಕ್ಕೆ ಗುರುತು ಹಾಕುವುದು ಜರ್ನಲ್‌ನ ಕರ್ತವ್ಯ. ಮೋನೋ ಸರೋವರದ ಪೇಪರ್ ಎರಡನೇ ಗುಂಪಿಗೆ ಸೇರುತ್ತದೆ. ಹಾಗಾಗಿ ಸೈನ್ಸ್ ಮೇಲಿನ ನಿಜವಾದ ಆಕ್ಷೇಪ, ವಾಪಸ್ ಪಡೆದದ್ದಲ್ಲ. 2012ರಲ್ಲೇ ಪಡೆಯದೇ ಇದ್ದದ್ದು.

ತಡವಾದಾಗ ಯಾರಿಗೆ ನಷ್ಟ?

ಆರ್ಸೆನಿಕ್ ಬ್ಯಾಕ್ಟೀರಿಯಾದ ತಪ್ಪಿನಿಂದ ಯಾರ ಪ್ರಾಣವೂ ಹೋಗಲಿಲ್ಲ. ವೈದ್ಯಕೀಯದಲ್ಲಿ ಹಾಗಲ್ಲ.

1998ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಜರ್ನಲ್ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಜೊತೆಗಾರರ ಪೇಪರ್ ಪ್ರಕಟಿಸಿತು. ಬರೀ 12 ಮಕ್ಕಳ ಮೇಲೆ ನಡೆದ ಅಧ್ಯಯನ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂಬ ಭಯವನ್ನು ಅದು ಹುಟ್ಟಿಸಿತು. ಲಸಿಕೆ ಕಂಪನಿಗಳ ಮೇಲೆ ಮೊಕದ್ದಮೆ ಹೂಡಲು ಹೊರಟಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆದಿದ್ದರು, ಅದನ್ನು ಜರ್ನಲ್‌ಗೆ ತಿಳಿಸಿರಲಿಲ್ಲ. 2004ರಲ್ಲಿ ಪತ್ರಕರ್ತ ಬ್ರಯನ್ ಡೀರ್ ಇದನ್ನು ಬಯಲಿಗೆಳೆದರು. ಕೂಡಲೇ ಸಹಲೇಖಕರಲ್ಲಿ ಹತ್ತು ಮಂದಿ, ಲಸಿಕೆಯ ನಂಟಿನ ಬಗ್ಗೆ ಆ ಪೇಪರ್ ಸೂಚಿಸಿದ್ದನ್ನು ಕೈಬಿಟ್ಟರು. ಪೇಪರ್ ಪೂರ್ತಿ ವಾಪಸಾಗಿದ್ದು 2010ರ ಫೆಬ್ರವರಿಯಲ್ಲಿ. ಒಟ್ಟು ಹನ್ನೆರಡು ವರ್ಷ. ಆ ನಡುವೆ ಇಂಗ್ಲೆಂಡಿನಲ್ಲಿ ಶೇ 92ರ ಹತ್ತಿರ ಇದ್ದ ಎಂಎಂಆರ್ ಲಸಿಕೆಯ ಪ್ರಮಾಣ ಶೇ 80ಕ್ಕೆ ಇಳಿಯಿತು. 2008ರಲ್ಲಿ ಬ್ರಿಟನ್ನಿನ ಆರೋಗ್ಯ ಅಧಿಕಾರಿಗಳು ದಡಾರ ಮತ್ತೆ ಅಲ್ಲಿ ನೆಲೆಯೂರಿದೆ ಎಂದು ಘೋಷಿಸಬೇಕಾಯಿತು.

ಎರಡನೇ ಉದಾಹರಣೆ ಅಷ್ಟು ಪ್ರಸಿದ್ಧವಲ್ಲ. ಆದರೆ ಕಾರಣ ಮತ್ತು ಪರಿಣಾಮವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಕರಣ ಸಿಗುವುದು ಕಷ್ಟ. ಜರ್ಮನಿಯ ಅರಿವಳಿಕೆ ತಜ್ಞ ಯೋಆಕಿಮ್ ಬೋಲ್ಟ್, ಶಸ್ತ್ರಚಿಕಿತ್ಸೆ ವೇಳೆ ರಕ್ತನಾಳಕ್ಕೆ ಕೊಡುವ ಒಂದು ಪಿಷ್ಟದ ದ್ರಾವಣದ ಬಗ್ಗೆ ಪೇಪರ್ ಮೇಲೆ ಪೇಪರ್ ಬರೆದರು. ಅದರ ಹೆಸರು ಹೈಡ್ರಾಕ್ಸಿಈಥೈಲ್ ಸ್ಟಾರ್ಚ್. ಬೋಲ್ಟ್ ಅವರ ಪೇಪರ್‌ಗಳ ಪ್ರಕಾರ ಅದು ಸುರಕ್ಷಿತ. ಬೇರೆಬೇರೆ ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕುವಾಗಲೂ ಇವರ ಸಂಖ್ಯೆಗಳು ಸೇರುತ್ತಿದ್ದವು. 2011ರಲ್ಲಿ ಹಲವು ಜರ್ನಲ್‌ಗಳ ಸಂಪಾದಕರು ಒಟ್ಟಾಗಿ, ನೈತಿಕ ಸಮಿತಿಯ ಅನುಮತಿಯೇ ಇಲ್ಲದೆ ನಡೆದಿವೆ ಎಂದು ಇವರ 80ಕ್ಕೂ ಹೆಚ್ಚು ಪೇಪರ್‌ಗಳನ್ನು ವಾಪಸ್ ಪಡೆಯುವುದಾಗಿ ಹೇಳಿದರು. 2013ರಲ್ಲಿ ‘ಜಾಮಾ’ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ ಬೋಲ್ಟ್ ಅವರ ಏಳು ಅಧ್ಯಯನಗಳನ್ನು ತೆಗೆದುಹಾಕಿ ಲೆಕ್ಕ ಮಾಡಿತು. ಚಿತ್ರವೇ ಬದಲಾಯಿತು. ತೀವ್ರವಾಗಿ ಕಾಯಿಲೆ ಬಿದ್ದವರಲ್ಲಿ ಆ ದ್ರಾವಣದಿಂದ ಸಾವು ಮತ್ತು ಮೂತ್ರಪಿಂಡದ ಹಾನಿ ಹೆಚ್ಚಾಗುವುದು ಕಂಡುಬಂತು. 2022ರಲ್ಲಿ ಯುರೋಪಿಯನ್ ಒಕ್ಕೂಟ ಅದರ ಮಾರಾಟದ ಅನುಮತಿಯನ್ನು ಅಮಾನತು ಮಾಡಿತು. ಬೋಲ್ಟ್ ಅವರ ವಾಪಸಾದ ಪೇಪರ್‌ಗಳ ಸಂಖ್ಯೆ ಈಗ 200 ದಾಟಿದೆ.

ಇಲ್ಲಿ ನೋಡಬೇಕಾದದ್ದು ಕೊಂಡಿಗಳನ್ನು. ಒಂದು ನಂಬಲಾಗದ ಪೇಪರ್ ಒಂಟಿಯಾಗಿ ಕೂತಿರುವುದಿಲ್ಲ. ಅದು ಇನ್ನೊಂದು ವಿಶ್ಲೇಷಣೆಗೆ ಸೇರುತ್ತದೆ. ಆ ವಿಶ್ಲೇಷಣೆ ಚಿಕಿತ್ಸೆಯ ಮಾರ್ಗಸೂಚಿಗೆ ಸೇರುತ್ತದೆ. ಮಾರ್ಗಸೂಚಿ ನೋಡಿ ವೈದ್ಯರು ಡ್ರಿಪ್ ಏರಿಸುತ್ತಾರೆ. ಮಲಗಿರುವ ರೋಗಿಗೆ ಈ ಸರಪಳಿಯ ಸುಳಿವೇ ಇರುವುದಿಲ್ಲ.

ಬೇಗ ಸರಿಪಡಿಸಲು ಆಗುವುದೇ ಇಲ್ಲ ಅಂತಲೂ ಅಲ್ಲ. 2020ರ ಮೇ 22ರಂದು ಇದೇ ಲ್ಯಾನ್ಸೆಟ್, ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟ ಕೋವಿಡ್ ರೋಗಿಗಳಲ್ಲಿ ಸಾವು ಜಾಸ್ತಿ ಎನ್ನುವ ಪೇಪರ್ ಪ್ರಕಟಿಸಿತು. 671 ಆಸ್ಪತ್ರೆಗಳ 96,032 ರೋಗಿಗಳ ಮಾಹಿತಿ ಎಂದು ಅದು ಹೇಳಿಕೊಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನೇ ಕೆಲವು ದಿನ ನಿಲ್ಲಿಸಿತು. ಮಾಹಿತಿ ಕೊಟ್ಟ ಸರ್ಜಿಸ್ಫಿಯರ್ ಕಂಪನಿ ಮೂಲ ದಾಖಲೆ ತೋರಿಸಲು ಒಪ್ಪಲಿಲ್ಲ. ಜೂನ್ 4ರಂದು ಪೇಪರ್ ವಾಪಸಾಯಿತು. ಹದಿಮೂರೇ ದಿನ. ಇಡೀ ಜಗತ್ತು ಕಣ್ಣಿಟ್ಟು ನೋಡುತ್ತಿದ್ದಾಗ ಹದಿಮೂರು ದಿನದಲ್ಲಿ ಆಗುವ ಕೆಲಸ, ಯಾರೂ ನೋಡದಿದ್ದಾಗ ವರ್ಷಗಟ್ಟಲೆ ಕೂರುತ್ತದೆ.

ಯಾರ ಪಾಲಿನ ಕೆಲಸ ಏನು?

ಸರ್ಜಿಸ್ಫಿಯರ್ ಪ್ರಕರಣದಲ್ಲಿ ಬೆಚ್ಚಿಬೀಳಿಸುವ ವಿಷಯ ಇನ್ನೊಂದಿದೆ. ಪೇಪರಿಗೆ ಸಹಿ ಹಾಕಿದವರಲ್ಲಿ ಮೂವರು ಮೂಲ ಮಾಹಿತಿಯನ್ನು ಸ್ವತಃ ಪರಿಶೀಲಿಸಲು ಆಗಲಿಲ್ಲ ಎಂದು ಹೇಳಿ ಆಮೇಲೆ ವಾಪಸ್ ಕೇಳಿದರು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದ ಪ್ರಕಾರ, ಲೇಖಕ ಅನ್ನಿಸಿಕೊಳ್ಳಬೇಕಾದರೆ ಕೆಲಸದ ಎಲ್ಲ ಅಂಶಗಳಿಗೂ ಉತ್ತರ ಕೊಡುವ ಹೊಣೆ ಒಪ್ಪಿಕೊಳ್ಳಬೇಕು. ಹೆಸರು ಬೇಕು, ಮಾಹಿತಿ ಮಾತ್ರ ನೋಡಿಲ್ಲ ಅಂದರೆ ನಡೆಯುವುದಿಲ್ಲ.

ಪರಿಶೀಲಕರ ವಿಷಯದಲ್ಲಿ ಜನರಿಗೆ ಒಂದು ತಪ್ಪು ಕಲ್ಪನೆ ಇದೆ. ಅದೇ ಕ್ಷೇತ್ರದ ಬೇರೆ ಸಂಶೋಧಕರು ಓದಿ ಅಭಿಪ್ರಾಯ ಕೊಡುವುದನ್ನು ಪೀರ್ ರಿವ್ಯೂ ಅನ್ನುತ್ತಾರೆ. ಅದರಲ್ಲಿ ಪಾಸಾದ ಪೇಪರ್ ಅಂದರೆ ಸತ್ಯ ಎಂದು ಸಾಬೀತಾದ ಪೇಪರ್ ಎಂದು ತುಂಬಾ ಜನ ತಿಳಿದಿದ್ದಾರೆ. ಪರಿಶೀಲಕರು ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ. ಬಹಳ ಸಲ ಮೂಲ ಮಾಹಿತಿ ಅವರ ಕೈಗೆ ಬರುವುದೇ ಇಲ್ಲ. ಬರೆದದ್ದನ್ನು ನಂಬಿ, ತರ್ಕ ಸರಿಯಿದೆಯಾ, ವಿಧಾನ ಸರಿಯಿದೆಯಾ ಎಂದು ನೋಡುತ್ತಾರೆ. ಹೆಚ್ಚಿನ ಕಡೆ ಇದಕ್ಕೆ ಸಂಬಳವಿಲ್ಲ. 2020ರಲ್ಲಿ ಜಗತ್ತಿನ ಪರಿಶೀಲಕರು ಒಟ್ಟು 10 ಕೋಟಿ ಗಂಟೆಗೂ ಹೆಚ್ಚು ಸಮಯ ಇದಕ್ಕೆ ಕೊಟ್ಟಿದ್ದಾರೆ ಎಂದು ಒಂದು ಅಂದಾಜು ಹೇಳುತ್ತದೆ. ಇಷ್ಟು ದುಡಿದರೂ, ಜಾಣತನದಿಂದ ಕಟ್ಟಿದ ಸುಳ್ಳನ್ನು ಅವರು ಹಿಡಿಯಲಾರರು.

ಹಾಗಾಗಿ ಪ್ರಕಟಣೆಯ ನಂತರದ ಕಣ್ಣುಗಳು ಅಷ್ಟು ಮುಖ್ಯ. 2016ರಲ್ಲಿ ಎಲಿಜಬೆತ್ ಬಿಕ್ ಮತ್ತು ಜೊತೆಗಾರರು 20,621 ಪೇಪರ್‌ಗಳ ಚಿತ್ರಗಳನ್ನು ಕಣ್ಣಿನಿಂದಲೇ ಹೋಲಿಸಿ ನೋಡಿದರು. ಶೇ 3.8ರಷ್ಟು ಪೇಪರ್‌ಗಳಲ್ಲಿ ಚಿತ್ರ ಮರುಬಳಕೆಯಂಥ ದೋಷ ಸಿಕ್ಕಿತು. ಆ ಪೇಪರ್‌ಗಳೆಲ್ಲ ಪರಿಶೀಲನೆ ಮುಗಿಸಿಯೇ ಬಂದಿದ್ದವು. 2006ರಲ್ಲಿ ‘ನೇಚರ್’ನಲ್ಲಿ ಬಂದು ಸುಮಾರು 2,500 ಬಾರಿ ಉಲ್ಲೇಖಗೊಂಡ ಅಲ್ಝೈಮರ್ ಪೇಪರಿನ ಚಿತ್ರಗಳ ಬಗ್ಗೆ 2022ರಲ್ಲಿ ದೊಡ್ಡದಾಗಿ ಪ್ರಶ್ನೆ ಎತ್ತಿದ್ದೂ ಹೊರಗಿನವರೇ. ಅದು ವಾಪಸಾಗಿದ್ದು 2024ರ ಜೂನ್‌ನಲ್ಲಿ.

ಇನ್ನು ವಿಶ್ವವಿದ್ಯಾಲಯ. ದೂರು ಬಂದಾಗ ತನಿಖೆ ಮಾಡಬೇಕಾದದ್ದು ಅದೇ. ಮೋಸ ಸಾಬೀತಾದರೆ ಮರ್ಯಾದೆ ಹೋಗುವುದೂ ಅದರದ್ದೇ. ಹೀಗಾಗಿ ತನಿಖೆ ಎಳೆಯುತ್ತದೆ. ಜರ್ನಲ್ ಕೇಳಿದರೆ ವಿಶ್ವವಿದ್ಯಾಲಯದ ವರದಿ ಬರಲಿ ಅನ್ನುತ್ತದೆ. ವಿಶ್ವವಿದ್ಯಾಲಯ ಕೇಳಿದರೆ ವಿಷಯ ಗೋಪ್ಯ ಅನ್ನುತ್ತದೆ. ದೂರು ಕೊಟ್ಟವರು ನಡುವೆ ನಿಂತಿರುತ್ತಾರೆ.

ಹಣ ಯಾವ ಕಡೆಗೆ ಎಳೆಯುತ್ತದೆ?

ಹಿಂದೆ ಜರ್ನಲ್‌ಗೆ ಹಣ ಬರುತ್ತಿದ್ದದ್ದು ಹೆಚ್ಚಾಗಿ ಗ್ರಂಥಾಲಯಗಳ ಚಂದಾದಿಂದ. ಪೇಪರ್ ಎಲ್ಲರಿಗೂ ಉಚಿತವಾಗಿ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದ ಮುಕ್ತ ಪ್ರಕಟಣೆ ಬಂತು. ಅದರಲ್ಲಿ ಹಲವು ಕಡೆ ಓದುಗರ ಬದಲು ಲೇಖಕರು ಶುಲ್ಕ ಕಟ್ಟುತ್ತಾರೆ. ಇದರಿಂದ ಓದುಗರಿಗೆ ಬಾಗಿಲು ತೆರೆದದ್ದು ನಿಜ. ಆದರೆ ಲೆಕ್ಕಾಚಾರವೂ ತಿರುಗಿತು. ಪೇಪರ್ ಸ್ವೀಕರಿಸಿದರೆ ಆದಾಯ, ತಿರಸ್ಕರಿಸಿದರೆ ಬರೀ ಖರ್ಚು. ಹಳೆಯದನ್ನು ತನಿಖೆ ಮಾಡಿ ವಾಪಸ್ ಪಡೆಯುವುದಂತೂ ಪೂರ್ತಿ ಖರ್ಚಿನ ಬಾಬತ್ತು.

ಈ ಲೆಕ್ಕ ಎಲ್ಲಿಗೆ ಹೋಗಬಹುದು ಎನ್ನಲು ಹಿಂದಾವಿ ಉದಾಹರಣೆ ಸಾಕು. ಕೈರೋದಲ್ಲಿ ಶುರುವಾದ ಈ ಪ್ರಕಾಶನವನ್ನು 2021ರ ಜನವರಿಯಲ್ಲಿ ವೈಲಿ ಕಂಪನಿ 29.8 ಕೋಟಿ ಡಾಲರಿಗೆ ಕೊಂಡಿತು. ಹಿಂದಾವಿಯ ಜರ್ನಲ್‌ಗಳಲ್ಲಿ ‘ವಿಶೇಷ ಸಂಚಿಕೆ’ಗಳು ಹೇರಳವಾಗಿದ್ದವು. ಅವುಗಳನ್ನು ನೋಡಿಕೊಳ್ಳುತ್ತಿದ್ದವರು ಅತಿಥಿ ಸಂಪಾದಕರು. ಆ ಬಾಗಿಲಿನಿಂದ ಪೇಪರ್ ಮಿಲ್‌ಗಳು ನುಗ್ಗಿದವು. ಪೇಪರ್ ಮಿಲ್ ಅಂದರೆ ಹಣ ಪಡೆದು ಸುಳ್ಳು ಸಂಶೋಧನೆ ತಯಾರಿಸಿ, ಲೇಖಕರ ಪಟ್ಟಿಯಲ್ಲಿ ಜಾಗ ಮಾರುವ ದಂಧೆ. 2023ರಲ್ಲಿ ಜಗತ್ತಿನಾದ್ಯಂತ ವಾಪಸಾದ ಪೇಪರ್‌ಗಳು 10,000 ದಾಟಿದವು. ಅದರಲ್ಲಿ 8,000ಕ್ಕೂ ಹೆಚ್ಚು ಹಿಂದಾವಿಯವು. ಆ ವರ್ಷದ ಕೊನೆಯಲ್ಲಿ ವೈಲಿ ಹಿಂದಾವಿ ಎಂಬ ಹೆಸರನ್ನೇ ಕೈಬಿಡುವುದಾಗಿ ಹೇಳಿತು.

ಇಂಥ ಪೇಪರ್‌ಗಳ ಗುರುತು ಸಿಕ್ಕ ಬಗೆಯೂ ತಿಳಿಯಬೇಕಾದದ್ದೇ. ಬೇರೆಯವರ ಬರಹ ಕದ್ದು, ಕಳ್ಳತನ ಹಿಡಿಯುವ ಸಾಫ್ಟ್‌ವೇರ್‌ನಿಂದ ತಪ್ಪಿಸಿಕೊಳ್ಳಲು ಪದಗಳನ್ನು ಯಂತ್ರದಿಂದ ಬದಲಿಸುತ್ತಾರೆ. ಆಗ ‘ಬ್ರೆಸ್ಟ್ ಕ್ಯಾನ್ಸರ್’ ಎನ್ನುವುದು ‘ಬೂಸಮ್ ಪೆರಿಲ್’ ಆಗುತ್ತದೆ, ಅಂದರೆ ಎದೆಯ ಗಂಡಾಂತರ. ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎನ್ನುವುದು ಖೋಟಾ ಪ್ರಜ್ಞೆ ಎಂಬ ಅರ್ಥದ ಪದಗಳಾಗುತ್ತದೆ. ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಜೊತೆಗಾರರು 2021ರಲ್ಲಿ ಇವುಗಳಿಗೆ ‘ಚಿತ್ರಹಿಂಸೆಗೊಳಗಾದ ಪದಗುಚ್ಛಗಳು’ ಎಂದು ಹೆಸರಿಟ್ಟು, ಹುಡುಕುವ ಸಾಧನವನ್ನೂ ಮಾಡಿದರು. ಕ್ಯಾನ್ಸರಿಗೆ ಎದೆಯ ಗಂಡಾಂತರ ಎಂದು ಬರೆದ ಪೇಪರನ್ನು ಒಬ್ಬ ಮನುಷ್ಯ ಮನಸ್ಸಿಟ್ಟು ಓದಿದ್ದರೂ ಅದು ಅಲ್ಲೇ ನಿಲ್ಲುತ್ತಿತ್ತು. ಯಾರೂ ಓದಿರಲಿಲ್ಲ ಅನ್ನುವುದೇ ಇಲ್ಲಿ ಕಾಣುವ ಕಟು ಸತ್ಯ.

2025ರ ಆಗಸ್ಟ್‌ನಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ ಇನ್ನೂ ಆತಂಕದ ಲೆಕ್ಕ ಕೊಟ್ಟಿತು. ಪೇಪರ್ ಮಿಲ್‌ಗಳದ್ದು ಎಂದು ಅನುಮಾನವಿರುವ ಪೇಪರ್‌ಗಳ ಸಂಖ್ಯೆ ಸುಮಾರು ಒಂದೂವರೆ ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಿದೆ. ‘ಪ್ಲೋಸ್ ಒನ್’ ಜರ್ನಲ್‌ನಲ್ಲಿ 45 ಸಂಪಾದಕರು ಕೈಯಾಡಿಸಿದ್ದು ಒಟ್ಟು ಪೇಪರ್‌ಗಳ ಶೇ 1.3ರಷ್ಟನ್ನು ಮಾತ್ರ, ಆದರೆ ವಾಪಸಾದವುಗಳಲ್ಲಿ ಅವರ ಪಾಲು ಶೇ 30ಕ್ಕಿಂತ ಜಾಸ್ತಿ. ಅಂದರೆ ತೊಂದರೆ ಎಲ್ಲ ಕಡೆ ಸಮನಾಗಿ ಹರಡಿಲ್ಲ. ಹುಡುಕಿದರೆ ಬೇರು ಸಿಗುತ್ತದೆ.

ಸಂಪಾದಕರೇ ಎದುರು ನಿಂತ ಉದಾಹರಣೆಯೂ ಇದೆ. 2023ರ ಏಪ್ರಿಲ್‌ನಲ್ಲಿ ಮಿದುಳಿನ ಚಿತ್ರಣದ ಹೆಸರಾಂತ ಜರ್ನಲ್ ‘ನ್ಯೂರೋಇಮೇಜ್’ನ 40ಕ್ಕೂ ಹೆಚ್ಚು ಸಂಪಾದಕರು ಒಟ್ಟಿಗೆ ರಾಜೀನಾಮೆ ಕೊಟ್ಟರು. ಲೇಖಕರಿಂದ ಪಡೆಯುವ 3,450 ಡಾಲರ್ ಶುಲ್ಕ ಅತಿಯಾಯಿತು, ಇಳಿಸಿ ಎಂದರೂ ಪ್ರಕಾಶನ ಕೇಳಲಿಲ್ಲ ಎನ್ನುವುದು ಅವರ ಕಾರಣ. ಹೊರಬಂದು ಲಾಭದ ಉದ್ದೇಶವಿಲ್ಲದ ಹೊಸ ಜರ್ನಲ್ ಕಟ್ಟಿದರು.

ಎಐ ತಂದ ಹೊಸ ತಲೆನೋವು

2024ರ ಫೆಬ್ರವರಿಯಲ್ಲಿ ‘ಫ್ರಂಟಿಯರ್ಸ್’ ಪ್ರಕಾಶನದ ಒಂದು ಜರ್ನಲ್‌ನಲ್ಲಿ ಇಲಿಯ ಅಂಗರಚನೆಯ ಚಿತ್ರ ಬಂತು. ಎಐ ಬರೆದ ಆ ಚಿತ್ರದಲ್ಲಿ ಅಂಗಗಳ ಗಾತ್ರವೂ ಸುಳ್ಳು, ಪಕ್ಕದಲ್ಲಿದ್ದ ಹೆಸರುಗಳೂ ಅರ್ಥವಿಲ್ಲದವು. ಮೂರೇ ದಿನದಲ್ಲಿ ಪೇಪರ್ ವಾಪಸಾಯಿತು. ಎಐ ಸಾಧನವನ್ನು ಲೇಖಕ ಎಂದು ಹೆಸರಿಸುವಂತಿಲ್ಲ ಎಂದು ಕೋಪ್ 2023ರಲ್ಲೇ ಹೇಳಿದೆ, ಯಾಕೆಂದರೆ ಯಂತ್ರ ಹೊಣೆ ಹೊರಲಾರದು. 2025ರ ಜುಲೈನಲ್ಲಿ ಇನ್ನೊಂದು ಸುದ್ದಿ ಬಂತು. ಇನ್ನೂ ಪರಿಶೀಲನೆ ಆಗದ ಹದಿನೇಳು ಪೇಪರ್‌ಗಳಲ್ಲಿ ‘ಒಳ್ಳೆಯ ಅಭಿಪ್ರಾಯವನ್ನೇ ಕೊಡು’ ಎಂಬಂಥ ಆಜ್ಞೆಗಳನ್ನು ಕಣ್ಣಿಗೆ ಕಾಣದಂತೆ ಅಡಗಿಸಿಟ್ಟಿದ್ದರು. ಓದಬೇಕಾದ ಪರಿಶೀಲಕರು ತಾವು ಓದದೆ ಎಐಗೆ ಒಪ್ಪಿಸುತ್ತಾರೆ ಎಂಬ ಊಹೆ ಇದರ ಹಿಂದಿದೆ. ಇಲ್ಲಿ ಎರಡೂ ಕಡೆಯವರು ಕರ್ತವ್ಯ ಬಿಟ್ಟಿದ್ದಾರೆ.

ಸಂಪಾದಕರು ಹಿಂಜರಿಯುವುದು ಯಾಕೆ?

ಹಣವೊಂದೇ ಕಾರಣ ಎಂದರೆ ಸಂಪಾದಕರಿಗೆ ಅನ್ಯಾಯ ಮಾಡಿದಂತೆ. ಅವರಲ್ಲಿ ಬಹಳ ಮಂದಿ ಪಾಠ, ಸಂಶೋಧನೆಯ ನಡುವೆ ಬಿಡುವು ಮಾಡಿಕೊಂಡು ಈ ಕೆಲಸ ಮಾಡುವವರು. ಮೋಸ ಎಂದು ಬರೆದರೆ ಮಾನನಷ್ಟ ಮೊಕದ್ದಮೆ ಬರಬಹುದು. 2023ರಲ್ಲಿ ಹಾರ್ವರ್ಡ್‌ನ ಒಬ್ಬ ಪ್ರಾಧ್ಯಾಪಕಿ, ತಮ್ಮ ಅಂಕಿಅಂಶಗಳನ್ನು ಪ್ರಶ್ನಿಸಿದ ಮೂವರು ಸಂಶೋಧಕರ ಮೇಲೂ ವಿಶ್ವವಿದ್ಯಾಲಯದ ಮೇಲೂ 2.5 ಕೋಟಿ ಡಾಲರ್ ಪರಿಹಾರ ಕೇಳಿ ಮೊಕದ್ದಮೆ ಹೂಡಿದರು. ಮಾನನಷ್ಟದ ಆರೋಪವನ್ನು ನ್ಯಾಯಾಲಯ 2024ರಲ್ಲಿ ತಳ್ಳಿಹಾಕಿತು. ಆದರೆ ಅಷ್ಟು ದಿನ ಆ ಮೂವರು ಆ ಭಾರ ಹೊತ್ತಿದ್ದರು. ಇದನ್ನು ನೋಡಿದ ಸಂಪಾದಕರು ವಾಪಸಾತಿಯ ಪ್ರಕಟಣೆಯನ್ನು ಆದಷ್ಟು ಮಸುಕಾಗಿ ಬರೆಯುತ್ತಾರೆ. ‘ಮಾಹಿತಿಯಲ್ಲಿ ಕೆಲವು ಅಸಂಗತತೆಗಳು ಕಂಡುಬಂದಿವೆ’ ಎಂದಷ್ಟೇ ಇರುತ್ತದೆ. ಅದರಿಂದ ಏನಾಗುತ್ತದೆ? ಮೋಸ ಮಾಡಿದವರಿಗೂ ಪ್ರಾಮಾಣಿಕವಾಗಿ ಎಡವಿದವರಿಗೂ ಒಂದೇ ವಾಕ್ಯ. ಓದುಗರು ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡುತ್ತಾರೆ. ಹಾಗಾಗಿ ಪ್ರಾಮಾಣಿಕರೂ ತಪ್ಪು ಒಪ್ಪಿಕೊಳ್ಳಲು ಹೆದರುತ್ತಾರೆ.

ಹೆದರದೆ ಒಪ್ಪಿಕೊಂಡವರೂ ಇದ್ದಾರೆ. 2018ರ ರಸಾಯನಶಾಸ್ತ್ರ ನೊಬೆಲ್ ಪಡೆದ ಫ್ರಾನ್ಸಿಸ್ ಆರ್ನಲ್ಡ್, 2020ರ ಜನವರಿಯಲ್ಲಿ ತಮ್ಮದೇ 2019ರ ಪೇಪರನ್ನು ವಾಪಸ್ ಪಡೆದರು. ಫಲಿತಾಂಶ ಮತ್ತೆ ಮಾಡಿ ನೋಡಿದಾಗ ಬರಲಿಲ್ಲ ಎಂದು ಕ್ಷಮೆ ಕೇಳಿ ಬಹಿರಂಗವಾಗಿ ಬರೆದರು. ನೊಬೆಲ್ ಇದ್ದವರಿಗೆ ಅದು ಸಾಧ್ಯ ಎನ್ನಬಹುದು. ಕೆಲಸ ಇನ್ನೂ ಕಾಯಂ ಆಗದ ಯುವ ಸಂಶೋಧಕರಿಗೆ ಅದೇ ಧೈರ್ಯ ಬರಬೇಕಾದರೆ ಪ್ರಕಟಣೆಯಲ್ಲಿ ‘ಇದು ಪ್ರಾಮಾಣಿಕ ತಪ್ಪು’ ಎಂದು ಸ್ಪಷ್ಟವಾಗಿ ಬರೆಯುವ ಜರ್ನಲ್ ಬೇಕು.

ಮುಂದೆ ಏನಾಗಬಹುದು?

ಸೈನ್ಸ್‌ನಂಥ ದೊಡ್ಡ ಜರ್ನಲ್ ದಾರಿ ತೆರೆದ ಮೇಲೆ, ಇಂಥ ಹಳೆಯ ಪೇಪರ್‌ಗಳ ಬಗ್ಗೆ ಬೇರೆ ಜರ್ನಲ್‌ಗಳಿಗೂ ಪತ್ರಗಳು ಹೋಗುತ್ತವೆ. ಪ್ರತಿಸ್ಪರ್ಧಿಗಳನ್ನು ಕಾಡಲು ಇದನ್ನು ಬಳಸುವವರೂ ಇರುತ್ತಾರೆ, ಆ ಭಯ ಸುಮ್ನೆ ಅಲ್ಲ. ಲೇಖಕರಿಗೆ ಉತ್ತರ ಕೊಡಲು ಸಮಯ, ಸ್ವತಂತ್ರ ತಜ್ಞರ ಅಭಿಪ್ರಾಯ, ಕಾರಣಗಳ ವಿವರ, ಇವು ಇಲ್ಲದೆ ವಾಪಸ್ ಪಡೆದರೆ ಅದು ಅನ್ಯಾಯವೇ.

ಬೇರೆ ಬೇರೆ ಹೆಸರು ಇಡೋಣ ಎನ್ನುವವರೂ ಇದ್ದಾರೆ. ಅದಕ್ಕೆ ಹತ್ತಿರದ ಒಂದು ದಾರಿ ಈಗಾಗಲೇ ಇದೆ. ಮೆಡಿಟರೇನಿಯನ್ ಆಹಾರ ಪದ್ಧತಿ ಹೃದಯಕ್ಕೆ ಒಳ್ಳೆಯದು ಎಂದ ಸ್ಪೇನಿನ ಪ್ರೆಡಿಮೆಡ್ ಅಧ್ಯಯನ 2013ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದಿತ್ತು. ಭಾಗವಹಿಸಿದ ಸುಮಾರು 7,400 ಜನರಲ್ಲಿ ಒಂದಷ್ಟು ಮಂದಿಯನ್ನು ಲಾಟರಿಯಂತೆ ಗುಂಪಿಗೆ ಹಂಚಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. 2018ರ ಜೂನ್‌ನಲ್ಲಿ ಹಳೆಯ ಪೇಪರ್ ವಾಪಸ್ ಪಡೆದು, ಅದೇ ದಿನ ತಿದ್ದಿದ ಲೆಕ್ಕದೊಂದಿಗೆ ಹೊಸದನ್ನು ಪ್ರಕಟಿಸಿದರು. ತೀರ್ಮಾನದ ಮಾತನ್ನು ಸ್ವಲ್ಪ ಮೆದು ಮಾಡಿದರು. ಲೇಖಕರ ಮರ್ಯಾದೆಯೂ ಉಳಿಯಿತು, ಓದುಗರಿಗೆ ಸರಿಯಾದ ಸಂಖ್ಯೆಯೂ ಸಿಕ್ಕಿತು.

ವಾಪಸಾದದ್ದನ್ನು ಪತ್ತೆ ಮಾಡುವುದು ಮೊದಲಿಗಿಂತ ಸುಲಭವಾಗಿದೆ. ಇಬ್ಬರು ಪತ್ರಕರ್ತರು 2010ರಲ್ಲಿ ಶುರುಮಾಡಿದ ‘ರಿಟ್ರಾಕ್ಷನ್ ವಾಚ್’ ಕಟ್ಟಿದ ಮಾಹಿತಿಕೋಶವನ್ನು ಕ್ರಾಸ್‌ರೆಫ್ ಸಂಸ್ಥೆ 2023ರಲ್ಲಿ ಪಡೆದು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ‘ಝೊಟೆರೊ’ದಂಥ ಉಲ್ಲೇಖ ಜೋಡಿಸುವ ಸಾಫ್ಟ್‌ವೇರ್, ನೀವು ಇಟ್ಟುಕೊಂಡ ಪೇಪರ್ ವಾಪಸಾಗಿದ್ದರೆ ಎಚ್ಚರಿಸುತ್ತದೆ.

ಒಂದು ಮಾಹಿತಿ ಮಾತ್ರ ಇನ್ನೂ ಹೆಚ್ಚಿನ ಪ್ರಕಟಣೆಗಳಲ್ಲಿ ಸಿಗುವುದಿಲ್ಲ. ಪೇಪರ್ ಬಂದ ದಿನಾಂಕ ಇರುತ್ತದೆ, ವಾಪಸಾದ ದಿನಾಂಕ ಇರುತ್ತದೆ. ಮೊದಲ ದೂರು ಜರ್ನಲ್ ಕೈ ಸೇರಿದ ದಿನಾಂಕ ಇರುವುದಿಲ್ಲ. ಅದಿಲ್ಲದೆ, ನಡುವಿನ ವರ್ಷಗಳಲ್ಲಿ ಎಷ್ಟು ಯಾರಿಗೂ ಗೊತ್ತಿಲ್ಲದೆ ಕಳೆದವು, ಎಷ್ಟು ಗೊತ್ತಿದ್ದೂ ಕಳೆದವು ಎಂದು ಹೇಳಲಾಗುವುದಿಲ್ಲ. ಆ ದಿನಾಂಕ ಬರೆಯಲು ಹೊಸ ಸಮಿತಿ ಬೇಡ, ಹೆಚ್ಚಿನ ಹಣವೂ ಬೇಡ. ಯಾವ ಸಂಪಾದಕರೂ ಮುಂದಿನ ಪ್ರಕಟಣೆಯಿಂದಲೇ ಅದನ್ನು ಸೇರಿಸಬಹುದು.